ಗೋಧಿ ಬಿಟ್ಟ ಸಾವ್ಕಾರರು

ಅಥಣಿಯಲ್ಲಿ ನಮ್ಮ ಪಕ್ಕದ ಮನೆಯ ಸಾವ್ಕಾರರಿಗೆ ದ್ರಾಕ್ಷಿ ತೋಟವಿತ್ತು. “ನಮ್ಮನ್ಯಾಗ ಬರೇ ಚಪಾತಿರಿ,” ಎಂದು ಮೀಸೆಯ ಮೇಲೆ ಬೆರಳಾಡಿಸುತ್ತ ಹೇಳುವುದು ಅವರ ರೂಢಿ. ಎಂಬತ್ತರ ದಶಕದ ಕೊನೆಗೆ ಅವರ ಹೊಟ್ಟೆಬೇನೆಗೆ ಗೋಧಿಯೇ ಕಾರಣವೆಂದು ಮಿರಜದ ಡಾಕ್ಟರೊಬ್ಬರು ಅದನ್ನು ಬಿಡಿಸಿದರು. ಸಾವ್ಕಾರರು ಅನ್ನ, ಸಾಬೂದಾಣಿ ತಿಂದು ಸೊರಗಿದರು. ಜೋಳದ ರೊಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಅವರ ಲೆಕ್ಕದಲ್ಲಿ ಅದು ಆಳುಗಳ ಊಟ.

ಒಂದು ಮಧ್ಯಾಹ್ನ ನಾನೂ ತೋಟದಲ್ಲಿದ್ದೆ. ಕೂಲಿಯಾಕೆ ಬುತ್ತಿ ಬಿಚ್ಚಿದಾಗ ಸಾವ್ಕಾರರು ಹಸಿವು ತಾಳದೆ ಕೇಳಿದರು: “ರೊಟ್ಟ್ಯಾಗ ಗೋದಿ ಇರೂದಿಲ್ಲಲಾ?”

“ಗೋದಿ ಎಲ್ಲಿಂದ ಬರಬೇಕ್ರಿ? ಕೂಲಿಗೆ ನೀವು ಕೊಡೂದು ಜ್ವಾಳಾನ,” ಎಂದಳು ಆಕೆ.

ಸಾವ್ಕಾರರು ನನಗೆ ಬೆನ್ನು ತಿರುಗಿಸಿ ಕೂತು ಆಕೆಯ ಮೂರು ರೊಟ್ಟಿ ತಿಂದರು.

ಮರುದಿನದಿಂದ ಅವರ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು. ಯಾರಾದರೂ ವಿಚಾರಿಸಿದರೆ ಸಾವ್ಕಾರರು, “ಔಷಧ ಕುಟ್ಟಾಕತ್ತಾರ್ರಿ,” ಎನ್ನುತ್ತಿದ್ದರು.