ನಾಯಿ ಕಡಿತ, ಅಣ್ಣ ಮತ್ತು ನನ್ನ ತರ್ಕ

ಬಿಳಿಗೆರೆಯಲ್ಲಿರುವ ನಮ್ಮಣ್ಣನಿಗೆ ನಾಯಿ ಕಚ್ಚಿದ ಸುದ್ದಿ ನನಗೆ ತಿಳಿದದ್ದು ಮಾರನೆಯ ದಿನ, ಅದೂ ಅತ್ತಿಗೆಯ ಬಾಯಿಂದ. ನಾನು ನಂಜನಗೂಡಿನ ಪಿಯು ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವವನು. ಕ್ಲಾಸು ಮುಗಿಸಿ ಹೊರಗೆ ಬರುತ್ತಿದ್ದಂತೆ ಫೋನು ಬಂತು.

“ಗದ್ದೆ ತಾವ ಕಚ್ಬುಟ್ಟದೆ. ಸುಣ್ಣ ಮೆತ್ಕೊಂಡು ಕುಂತವ್ರೆ. ನಾನು ಯೋಳುದ್ರೆ ಕೇಳಾಕಿಲ್ಲ, ನೀವಾದ್ರೂ ಬಂದು ಯೋಳಿ” ಎಂದರು ಅತ್ತಿಗೆ.

ಬೈಕ್ ಹತ್ತಿ ಹೋದೆ. ಅಣ್ಣ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಮೀನಖಂಡದಲ್ಲಿ ಹಲ್ಲು ಆಳವಾಗಿಯೇ ಇಳಿದಿತ್ತು. ನಲ್ಲಿಯ ಕೆಳಗೆ ಕಾಲು ಹಿಡಿಸಿ, ಸುಣ್ಣವೆಲ್ಲ ಹೋಗುವಂತೆ ಸೋಪು ಹಾಕಿ ತೊಳೆದೆ. ಅದಕ್ಕೇನೂ ತಕರಾರು ಮಾಡಲಿಲ್ಲ. ಆಸ್ಪತ್ರೆಯ ಹೆಸರೆತ್ತಿದ ಕೂಡಲೇ ಮುಖ ತಿರುಗಿಸಿದ.

“ಬ್ಯಾಡ ಕಣ್ಲಾ. ಬೆಳಗ್ಗೇನೆ ನರಸೀಪುರದ ಕಡೆ ಓಗಿ ಸೊಪ್ಪಿನ ಔಸ್ದಿ ಕುಡ್ಕೊಂಡು ಬಂದಿವ್ನಿ. ಆವಯ್ಯನ ತಾವ ಕುಡ್ದೋರು ಒಬ್ರೂ ಸತ್ತಿಲ್ಲ.”

ತಿ. ನರಸೀಪುರದ ಆಚೆ ಹಳ್ಳಿಯೊಂದರಲ್ಲಿ ನಾಯಿ ಕಡಿತಕ್ಕೆ ಸೊಪ್ಪು ಅರೆದುಕೊಡುವವರೊಬ್ಬರಿದ್ದಾರೆ. ಸಾಸಿವೆ ಒಗ್ಗರಣೆ ತಿನ್ನಬಾರದು, ಕೋಳಿ ಮುಟ್ಟಬಾರದು ಎಂಬ ಪಥ್ಯ ಬೇರೆ. ನನ್ನ ಮೈ ಉರಿದುಹೋಯಿತು.

“ಕಚ್ಚೋ ನಾಯೆಲ್ಲಾ ಹುಚ್ಚುನಾಯಲ್ಲ ಅಣ್ಣ. ಹುಚ್ಚಿಲ್ಲದ ನಾಯಿ ಕಚ್ಚಿದ್ರೆ ಬರೀ ಮಜ್ಜಿಗೆ ಕುಡಿದೋರೂ ಬದುಕ್ತಾರೆ. ಸೊಪ್ಪಿಂದಾನೇ ಬದುಕಿದ್ರು ಅಂತ ಹೆಂಗೆ ಹೇಳ್ತೀಯ? ಸತ್ತೋರು ವಾಪಸ್ ಬಂದು, ಸ್ವಾಮಿ ನಾನು ಸತ್ತೋದೆ ಅಂತಾರಾ?”

“ನಿಂದು ಬರೀ ವಾದ.”

ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ನಾಲ್ಕು ಮನೆ ಗೀರಿದೆ. ತರ್ಕದ ಪಾಠದಲ್ಲಿ ಮಕ್ಕಳಿಗೆ ಸತ್ಯಕೋಷ್ಟಕ ಬರೆಸುವುದು ಹೀಗೆಯೇ. ನಾಯಿಗೆ ಹುಚ್ಚು ಇದೆ ಅಥವಾ ಇಲ್ಲ. ನೀನು ಸೂಜಿ ಹಾಕಿಸಿಕೊಳ್ಳುತ್ತೀಯ ಅಥವಾ ಇಲ್ಲ. ಹುಚ್ಚಿಲ್ಲದೆ ಸೂಜಿ ಹಾಕಿಸಿಕೊಂಡರೆ ಸ್ವಲ್ಪ ನೋವು, ಅಷ್ಟೆ. ಹುಚ್ಚಿದ್ದು ಹಾಕಿಸಿಕೊಂಡರೆ ಉಳಿಯುತ್ತೀಯ. ಹುಚ್ಚೂ ಇಲ್ಲ, ಸೂಜಿಯೂ ಇಲ್ಲ ಅಂದರೆ ಅದೃಷ್ಟ. ಹುಚ್ಚಿದ್ದು ಸೂಜಿ ಬಿಟ್ಟರೆ, ರೋಗ ಕಾಣಿಸಿಕೊಂಡ ಮೇಲೆ ಯಾವ ಡಾಕ್ಟರೂ ಏನೂ ಮಾಡಲಾರ. ನಾಯಿಯ ಸ್ಥಿತಿ ನಮಗೆ ಗೊತ್ತಿಲ್ಲ, ಅದು ಆಗಲೇ ಎಲ್ಲೋ ಓಡಿಹೋಗಿದೆ. ನಮ್ಮ ಕೈಲಿರುವುದು ಸೂಜಿ ಮಾತ್ರ.

ಅಣ್ಣ ಬಗ್ಗಿ ನೋಡಿದ. “ಏನ್ಲಾ, ಚೌಕಾಬಾರ ಆಡಕ್ಕೆ ಬಂದಿದ್ದೀಯಾ?” ಎಂದ.

ತರಗತಿಯ ಕೊನೆಯ ಬೆಂಚಿನವರಿಗೂ ಅರ್ಥವಾಗುವ ಮಾತು ಒಡಹುಟ್ಟಿದವನ ತಲೆಗೆ ಹೋಗುತ್ತಿಲ್ಲವಲ್ಲ! ಮತ್ತೆ ಮೊದಲಿನಿಂದ ಹೇಳಿದೆ. ಅವನು ಹೊಗೆಸೊಪ್ಪು ಮೆಲ್ಲುತ್ತಾ ರಸ್ತೆ ನೋಡುತ್ತಿದ್ದ. ಹೊತ್ತು ಹೋಗುತ್ತಿತ್ತು. ಕಡ್ಡಿ ಬಿಸಾಡಿ ಕೂಗಿಬಿಟ್ಟೆ.

“ಮೂರು ಮನೇಲಿ ನಿನ್ನ ಬೈಯೋದಕ್ಕೆ ನೀನಿರ್ತೀಯ. ನಾಲ್ಕನೇ ಮನೇಲಿ ಯಾರನ್ನ ಬೈಲಿ ನಾನು? ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಇರೋನು ನೀನೊಬ್ಬ!”

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಣ್ಣ ಹೊಗೆಸೊಪ್ಪು ಉಗುಳಿ, ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದ:

“ಒಕ್ಕಳಿಗೇ ಆಕ್ತಾರೆ ತಾನೆ?”

ಆಗ ಗೊತ್ತಾಯಿತು. ಅಣ್ಣ ಚಿಕ್ಕವನಿದ್ದಾಗ ನಮ್ಮ ಚಿಕ್ಕಪ್ಪನಿಗೆ ನಾಯಿ ಕಚ್ಚಿತ್ತು. ಆ ಕಾಲದಲ್ಲಿ ಹೊಕ್ಕಳ ಸುತ್ತ ಸೂಜಿ ಚುಚ್ಚುತ್ತಿದ್ದರು. ಜನ ಸೇರಿ ಅದುಮಿ ಹಿಡಿದರೂ ಚಿಕ್ಕಪ್ಪ ಕಿರುಚುತ್ತಿದ್ದದ್ದನ್ನು ಇವನು ಆಸ್ಪತ್ರೆಯ ಕಿಟಕಿಯಿಂದ ನೋಡಿದ್ದನಂತೆ. ನನ್ನ ಕೋಷ್ಟಕದಲ್ಲಿ ‘ಸ್ವಲ್ಪ ನೋವು’ ಎಂದು ಬರೆದ ಮನೆಯಲ್ಲಿ ಅವನಿಗೆ ಕಂಡದ್ದು ಆ ಕಿರುಚಾಟ.

“ಆ ಕಾಲ ಹೋಯ್ತು ಮಾರಾಯ. ಈಗ ತೋಳಿಗೆ. ಗಾಯದ ಸುತ್ತ ಒಂದಿಷ್ಟು ಚುಚ್ಚಬಹುದು, ಅಷ್ಟೆ” ಎಂದೆ. ಹೊಕ್ಕಳಿನ ಈ ಭಯವನ್ನು ಅವನು ಮೊದಲೇ ಬಾಯಿಬಿಟ್ಟಿದ್ದರೆ ಇಷ್ಟು ಹೊತ್ತು ನನ್ನ ಜೀವ ತಿನ್ನುವುದು ತಪ್ಪುತ್ತಿರಲಿಲ್ಲವೇ ಎಂದು ಹೊಟ್ಟೆ ಉರಿಯಿತು. ಕೇಳಬೇಕೆಂದು ನನಗಾದರೂ ಎಲ್ಲಿ ಹೊಳೆದಿತ್ತು?

ಬೈಕ್ ಹತ್ತಿದ. ನಂಜನಗೂಡಿನ ಆಸ್ಪತ್ರೆಯಲ್ಲಿ ಗಾಯದ ಸುತ್ತ ಚುಚ್ಚುವಾಗ ನನ್ನ ಕೈ ಹಿಸುಕಿಹಾಕಿದ. ತೋಳಿನ ಸೂಜಿ ಮುಗಿದಾಗ, “ಇಷ್ಟೇಯಾ?” ಎಂದ. ನಕ್ಕವರು ನರ್ಸಮ್ಮ, ನನಗೆ ನಗು ಬರಲಿಲ್ಲ.

ಮುಂದಿನ ಸೂಜಿಗಳಿಗೂ ಕಾಟ ತಪ್ಪಲಿಲ್ಲ. ಒಂದು ಸಲ ಕಳೆ ಕೀಳಿಸಬೇಕು, ಇನ್ನೊಂದು ಸಲ ಕರೆಂಟು ಬಂದಿದೆ, ಮೋಟರು ಬಿಡಬೇಕು. ಪ್ರತಿ ಸಲವೂ ನಾನೇ ಹೋಗಿ ಎಳೆದುಕೊಂಡು ಬಂದೆ. ಸಾಸಿವೆಯ ಪಥ್ಯವನ್ನು ಮಾತ್ರ ಯಾರೂ ಹೇಳದೆ ಚಾಚೂ ತಪ್ಪದೆ ಮಾಡಿದ.

ಸೂಜಿಯೆಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ತಾಂಡವಪುರದ ಅವನ ಷಡ್ಡಕರಿಗೂ ನಾಯಿ ಕಚ್ಚಿತು. ಅಣ್ಣ ಅವರಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು: “ನರಸೀಪುರದ ಔಸ್ದಿ ಕುಡೀರಿ, ನಂಗೆ ವಾಸಿ ಆಗಿದ್ದೇ ಅದ್ರಲ್ಲಿ.”

ಫೋನು ಕಿತ್ತುಕೊಂಡೆ. ನಾಲ್ಕು ಮನೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, “ಆಸ್ಪತ್ರೆಗೆ ಹೋಗೋಕೆ ನಿಮಗೇನು ತೊಂದರೆ, ಅದನ್ನ ಹೇಳಿ” ಎಂದು ಕೇಳಿದೆ.

“ಸೂಜಿ ಭಯ ಏನಿಲ್ಲ ಸಾ. ಫ್ಯಾಕ್ಟ್ರೀಲಿ ರಜ ಕೊಡಕಿಲ್ಲ.”

ರಜ ಬೇಡ, ಪಾಳಿಗೆ ಹೋಗುವ ಮುಂಚೆಯೇ ಆಗುತ್ತದೆ, ನಾನು ಆಸ್ಪತ್ರೆಯ ಬಾಗಿಲಲ್ಲೇ ಇರುತ್ತೇನೆ ಎಂದೆ. ಅದೇ ದಿನ ಬಂದು ಹಾಕಿಸಿಕೊಂಡರು.

ಸಂಜೆ ಅಣ್ಣನನ್ನು ತರಾಟೆಗೆ ತೆಗೆದುಕೊಂಡೆ. “ಎರಡೂ ತಗೊಂಡೋನು ನೀನು. ಸೊಪ್ಪಿಂದ ವಾಸಿಯಾಯ್ತು ಅಂತ ಯಾವ ಬಾಯಲ್ಲಿ ಹೇಳ್ತೀಯ?”

“ಸೂಜಿಯಿಂದ ಅಂತ ನೀನ್ ಯಾವ ಬಾಯಲ್ಲಿ ಯೋಳ್ತೀಯ? ಆ ನಾಯಿಗೆ ಉಚ್ಚಿತ್ತಾ?”

ತರ್ಕದಲ್ಲಿ ಅವನ ಮಾತು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಇನ್ನು ಯಾರು ಕೇಳಿದರೂ ಮೊದಲು ಸೂಜಿ, ಸೊಪ್ಪು ಆಮೇಲೆ ಎಂದು ಹೇಳುವುದಾಗಿ ಅವನ ಬಾಯಿಂದ ಮಾತು ತೆಗೆದುಕೊಂಡು, ಅತ್ತಿಗೆ ಕೊಟ್ಟ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ನಂಜನಗೂಡಿಗೆ ಹೊರಟೆ.