ಶಾಲೆಯ ಗೇಟಿನಲ್ಲಿ ಮದುವೆಯ ಕೋಟು

ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಸುಮ್ಮನೆ ನಿಂತು ನೋಡಿ. ದಾಂಡೇಲಿಯ ಅರ್ಧ ಮನೆಗಳ ಒಳಕೋಣೆ ಅಲ್ಲೇ ಕಂಡುಬಿಡುತ್ತದೆ. ಒಬ್ಬರ ಕಿವಿಯ ಹಿಂದೆ ದಾಡಿಯ ಸಾಬೂನು ಇನ್ನೂ ಆರಿರುವುದಿಲ್ಲ. ಇನ್ನೊಬ್ಬರು ಲುಂಗಿಯ ಮೇಲೆ ಹೆಂಡತಿಯ ಶಾಲು ಹೊದ್ದಿರುತ್ತಾರೆ. ಚಳಿಗಾಲದಲ್ಲಿ ಒಬ್ಬ ತಾಯಿ ಗಂಡನ ಖಾಕಿ ಓವರ್‌ಕೋಟು ತೊಟ್ಟು ಬರುತ್ತಿದ್ದರು. ಅವರನ್ನು ಕಂಡು ಫಾರೆಸ್ಟ್ ಗಾರ್ಡ್ ಬಂದನೆಂದು ಕಟ್ಟಿಗೆ ಹೊತ್ತವರು ದಾರಿ ಬಿಟ್ಟು ಓಡಿದ್ದೂ ಉಂಟು. ನಾನೇನು ಕಡಿಮೆಯೇ? ಮೊಣಕಾಲಿಗೆ ಎತ್ತಿ ಕಟ್ಟಿದ ಧೋತರ, ಹೆಗಲ ಮೇಲೆ ದನದ ವಾಸನೆಯ ಟವೆಲು. ಮಗನನ್ನು ಗೇಟಿನೊಳಗೆ ದಬ್ಬಿ, ಹಾಗೆಯೇ ಹಳಿಯಾಳದ ದನದ ಪೇಟೆಗೆ ಬಸ್ಸು ಹಿಡಿಯುವವನು.

ನಾನು ಎತ್ತಿನ ದಲಾಲಿ. ಕಾಡಿನಿಂದ ಸಾಗವಾನಿ ದಿಮ್ಮಿ ಎಳೆಯುವವರಿಗೆ ಎತ್ತು ಕೊಡಿಸುತ್ತೇನೆ. ಶಾಲೆಯ ಮೆಟ್ಟಿಲು ಹತ್ತದ ನನಗೆ ಬಟ್ಟೆಯ ಶಾಸ್ತ್ರ ಕಲಿಸಿದ್ದು ಹಳಿಯಾಳ, ಮುಂಡಗೋಡಗಳ ಪೇಟೆಗಳೇ. ಕೊಳ್ಳಲು ಹೋಗುವಾಗ ಹರಿದದ್ದು ಉಡಬೇಕು, ಮಾರಲು ಹೋಗುವಾಗ ಒಗೆದದ್ದು. ಬಿಳಿ ಧೋತರ ಕಂಡರೆ ಎತ್ತಿನ ಒಡೆಯನ ಬಾಯಲ್ಲಿ ದರ ತಾನೇ ಏರುತ್ತದೆ. ಇನ್ನು ದರವನ್ನು ನಾವು ಬಾಯಿಬಿಟ್ಟು ಆಡುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ಕುದುರಿಸುತ್ತೇವೆ. ಯಾರು ಎಷ್ಟು ಬಗ್ಗಿದರೆಂದು ಸುತ್ತ ನಿಂತವರಿಗೆ ತಿಳಿಯಬಾರದು. ಬಟ್ಟೆ ಮೈಗಿಂತ ಮೊದಲು ಮರ್ಯಾದೆ ಮುಚ್ಚಬೇಕು ಎಂಬುದು ನನ್ನ ತಿಳಿವಳಿಕೆ.

ಒಂದು ವರ್ಷ ಬಂದ ಹೊಸ ಹೆಡ್‌ಮಾಸ್ತರರಿಗೆ ನಮ್ಮ ವೇಷಗಳು ಸರಿಬರಲಿಲ್ಲ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿ ಕೋಟಿನ ಮನುಷ್ಯ. ತಾವು ಮಕ್ಕಳಿಗೆ ಅಂಗಿ ಒಗೆದು ಹಾಕಿಕೊಂಡು ಬನ್ನಿ ಎನ್ನುವುದು, ಅಪ್ಪಂದಿರು ಹೀಗೆ ಬರುವುದೇ ಎಂಬುದು ಅವರ ಸಿಟ್ಟು. ಅದರಲ್ಲಿ ನ್ಯಾಯವೂ ಇತ್ತು. ಒಂದು ದಿನ ನನ್ನ ನೆರೆಮನೆಯ ಬಸಪ್ಪನನ್ನು ಗೇಟಿನಲ್ಲಿ ಎಲ್ಲರೆದುರು ತಡೆದರು.

"ಇದು ಸಾಲಿರಿ ಬಸಪ್ಪಾ, ಕಾರ್ಖಾನಿ ಅಲ್ಲ. ನಾಳಿಂದ ಛಲೋ ಬಟ್ಟಿ ಹಾಕ್ಕೊಂಡು ಬರ್ರಿ. ಇಲ್ಲಾಂದ್ರ ಬರಬ್ಯಾಡ್ರಿ."

ಬಸಪ್ಪ ಕಾಗದದ ಕಾರ್ಖಾನೆಯಲ್ಲಿ ಬಿದಿರಿನ ತಿರುಳನ್ನು ಬೆಳ್ಳಗೆ ಮಾಡುವಲ್ಲಿ ಕೆಲಸ ಮಾಡುವವನು. ಅಲ್ಲಿಯ ಬ್ಲೀಚಿಂಗ್ ನೀರು ಸಿಡಿದಲ್ಲೆಲ್ಲ ಅಂಗಿ ತೂತು. ರಾತ್ರಿಪಾಳಿ ಬಿಟ್ಟವನು ಮನೆಗೆ ಓಡಿ, ಮಗಳು ಶಾಂತಿಯ ಕೈಹಿಡಿದು ಶಾಲೆಗೆ ಓಡಬೇಕು. ಸ್ನಾನಕ್ಕೆ ಕೂತರೆ ಗಂಟೆ ಹೊಡೆದುಬಿಡುತ್ತದೆ. ಹೆಂಡತಿ ಬಾಣಂತಿ. ದಾರಿಯ ತುಂಬ ದಿಮ್ಮಿ ಹೇರಿದ ಲಾರಿಗಳು. ಮರುದಿನ ಅವನು ಕಟ್ಟಿಗೆ ಡಿಪೋದ ತಿರುವಿನಲ್ಲೇ ನಿಂತು, "ಇನ್ನ ನೀನ ಹೋಗವ್ವಾ" ಎಂದ. ಹುಡುಗಿ ಲಾರಿ ನೋಡಿ ಅಳುತ್ತ ತಿರುಗಿ ಬಂದಳು. ಆಮೇಲೆ ಶಾಲೆಯ ಹೊತ್ತಿಗೆ ನಮ್ಮ ಓಣಿಯಲ್ಲಿ ಕೂಸನ್ನು ಎತ್ತಿಕೊಂಡು ನಿಲ್ಲತೊಡಗಿದಳು.

"ಮುಂದಿನ ವರ್ಸ ನೋಡೂಣು ಬಿಡ್ರಿ ಕಾಕಾ," ಎಂದ ಬಸಪ್ಪ.

ಆ ಮುಂದಿನ ವರ್ಷವನ್ನು ನಾನು ಬಲ್ಲೆ. ನನ್ನ ಅಪ್ಪನೂ ಅದನ್ನೇ ಹೇಳಿದ್ದ. ಇಂದು ಕೂಸು ಎತ್ತಿಕೊಂಡವಳ ಸೊಂಟಕ್ಕೆ ನಾಳೆ ಕೊಡ ಬರುತ್ತದೆ. ಹೆಗಲಿಗೆ ಪಾಟಿಚೀಲ ತಿರುಗಿ ಬರುವುದಿಲ್ಲ.

"ಮದಿವಿ ಕೋಟು ಐತಿಲ್ಲೋ? ಗಂಟು ಕಟ್ಟಿ ಒಯ್ಯಿ. ಪಾಳಿ ಬಿಟ್ಟ ಕೂಡ್ಲೆ ಮ್ಯಾಲ ಹಾಕ್ಕೊ. ಒಳಗಿಂದು ಯಾರ್ ನೋಡ್ತಾರ?" ಎಂದೆ.

ಹಾಗೇ ಮಾಡಿದ. ಕಾರ್ಖಾನೆಯ ಬಾಗಿಲಲ್ಲಿ ಜೊತೆಗಾರ ಇಸ್ಮಾಯಿಲ್, "ಏನ್ ಬಸಪ್ಪಣ್ಣ, ಪಾಳಿ ಬಿಟ್ಟು ನಿಬ್ಬಣಕ್ಕ ಹೊಂಟೇನು?" ಎಂದು ಕೂಗಿದನಂತೆ. ಬಸಪ್ಪ ನಿಲ್ಲಲಿಲ್ಲ. ಶಾಲೆಯ ಗೇಟಿಗೆ ಬಂದಾಗ ಮಗಳು ಅವನ ಕೈಯನ್ನು ಎಂದಿಗಿಂತ ಎತ್ತರಕ್ಕೆ ಬೀಸುತ್ತಿದ್ದಳು. ಹೆಡ್‌ಮಾಸ್ತರರು ಒಪ್ಪಿಗೆಯಿಂದ ತಲೆಯಾಡಿಸಿದರು.

ಬಸಪ್ಪ ಮಗಳ ರಿಬ್ಬನ್ನು ಸರಿಮಾಡಲು ಬಗ್ಗಿದ. ಬೆನ್ನು ನಮ್ಮ ಕಡೆಗಾಯಿತು. ಒಳಗಿನ ಹಸಿ ಅಂಗಿಯ ಬ್ಲೀಚಿಂಗ್ ನೀರು ಕೋಟಿಗೆ ಇಳಿದಿತ್ತು. ಕರಿ ಬಟ್ಟೆಯ ಮೇಲೆ ಕಂದು ಕಲೆಗಳು, ನಾವು ನೋಡುತ್ತಿದ್ದಂತೆಯೇ, ಹರಡುತ್ತಿದ್ದವು. ಯಾವನೋ ಹುಡುಗ ನಕ್ಕ. ಶಾಂತಿ ಒಂದು ಕಲೆಯ ಮೇಲೆ ಅಂಗೈ ಇಟ್ಟು ಮುಚ್ಚಿದಳು.

"ಅಪ್ಪಾ, ಕೋಟಿನ ಬಣ್ಣ ಹೊಂಟೈತಿ."

"ಹೋಗ್ಲಿ. ನೀ ಒಳಗ ನಡಿ."

ಅವನು ಹೋದ ಮೇಲೂ ಹೆಡ್‌ಮಾಸ್ತರರು ಆ ದಾರಿಯನ್ನೇ ನೋಡುತ್ತ ನಿಂತಿದ್ದರು. ನಾನು ಅವರನ್ನು ಮರದ ಮರೆಗೆ ಕರೆದೆ. ಪೇಟೆಯಾಗಿದ್ದರೆ ಕೈಮೇಲೆ ಟವೆಲು ಹಾಸುತ್ತಿದ್ದೆ.

"ಅವಗ ಇನ್ನೊಂದು ಕೋಟಿಲ್ರಿ ಸರ್. ಹುಡುಗಿ ನಾಳಿಂದ ಬರಾಂಗಿಲ್ಲ."

"ನಾ ಆಡಿದ ಮಾತು ಎಲ್ಲಾರೂ ಕೇಳ್ಯಾರಲ್ರಿ," ಎಂದರು ಮೆಲ್ಲಗೆ.

ಹಟ ಇರಲಿಲ್ಲ, ಸಂಕಟವಿತ್ತು. ಅವರ ಕೋಟಿನ ಮೊಣಕೈಗೂ ತೇಪೆ ಇದ್ದದ್ದು ಆಗ ಕಂಡಿತು.

"ನಿಮ್ಮ ಮಾತೂ ಉಳೀಲಿ. ಅವ ಗೇಟಿನ ಒಳಗ ಬರೂದು ಬ್ಯಾಡ. ನೀವ ಒಂದೀಟು ಹೊರಗ ಬರ್ರಿ."

ಅವರು ನನ್ನ ಮುಖ ನೋಡಿದರು. "ಪಕ್ಕಾ ದಲಾಲಿ ಅದೀರಿ," ಎಂದರಷ್ಟೇ.

ಮರುದಿನ ಬಸಪ್ಪ ತೂತಿನ ಅಂಗಿಯಲ್ಲೇ ಬಂದು ರಸ್ತೆಯಾಚೆ ನಿಂತ. ಹೆಡ್‌ಮಾಸ್ತರರು ಗೇಟು ದಾಟಿ, ರಸ್ತೆ ದಾಟಿ ಹೋದರು. ಬಸಪ್ಪ ಹಿಂದೆ ಸರಿದ. "ದೂರ ನಿಂದರ್ರಿ ಸರ್, ನಿಮ್ಮ ಕೋಟಿಗೆ ಹತ್ತೀತು." ಅವರು ಇನ್ನೂ ಹತ್ತಿರ ಹೋಗಿ, ಅವನ ಕೈಯಿಂದಲೇ ಮಗಳ ಕೈ ತೆಗೆದುಕೊಂಡರು. ಕಲೆ ಹತ್ತಿಯೇ ಹತ್ತಿತು, ತೋಳಿನ ತುದಿಗೆ. ಅದೇ ಕೋಟನ್ನು ಅವರು ಮುಂದೆಯೂ ತೊಟ್ಟರು. ಆಮೇಲೆ ಗೇಟಿನಲ್ಲಿ ಯಾರ ಬಟ್ಟೆಯ ಮಾತೂ ಎತ್ತಲಿಲ್ಲ.

ಎಲ್ಲಿಗೆ ಏನು ಉಡಬೇಕೆಂದು ನನ್ನನ್ನು ಕೇಳುವವರಿದ್ದಾರೆ. ಕೇಳದವರಿಗೂ ಹೇಳುತ್ತೇನೆ. ಆದರೆ ಕೊಳ್ಳುವುದೂ ಮಾರುವುದೂ ಇಲ್ಲದ ಆ ಗೇಟಿನಲ್ಲಿ ನನ್ನ ಶಾಸ್ತ್ರ ನಡೆಯುವುದಿಲ್ಲ. ಸ್ನಾನಕ್ಕೆ ಹೊತ್ತಿದ್ದರೆ ಮಾಡಿ. ಇಲ್ಲವಾದರೆ ಗಂಟೆ ಹೊಡೆಯುವ ಮೊದಲು ಬನ್ನಿ. ನಾನಂತೂ ಈಗ ಗೇಟು ಬಂದೊಡನೆ ಧೋತರವನ್ನು ಪಾದದವರೆಗೆ ಇಳಿಸುತ್ತೇನೆ. ಟವೆಲು ಮಾತ್ರ ಹೆಗಲ ಮೇಲೇ ಇರುತ್ತದೆ. ಯಾರ ಮರ್ಯಾದೆಗೆ ಯಾವಾಗ ಬೇಕಾದೀತೋ.