ಒಂದೇ ಗೂಡಿನ ಎರಡು ಬಾಯಿ

ಯಂಕಮ್ಮನ ಹೆಸರು ಗಂಗಾಬಾಯಿಯ ಕಿವಿಗೆ ಮೊದಲು ಬಿದ್ದದ್ದು ದೂರಿನ ರೂಪದಲ್ಲಿ. ಹೈದರಾಬಾದಿನಲ್ಲಿ ಮೆಟ್ರೋ ರೈಲು ಓಡತೊಡಗಿದ ಮೊದಲ ಬೇಸಿಗೆ ಅದು. ಮಣಿಕೊಂಡದ ಒಂದು ಕಾಂಪೌಂಡಿನೊಳಗೆ ಇಪ್ಪತ್ತೆರಡು ಮನೆ, ಎಲ್ಲವೂ ಒಂದೇ ಅಚ್ಚಿನವು; ಅದರಲ್ಲಿ ಏಳನೆಯ ಮನೆಯ ಅಡುಗೆ ಗಂಗಾಬಾಯಿಯದು. ಅವಳು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ, ಒಂಬತ್ತನೆಯ ಮನೆಯಲ್ಲಿ ಪಾತ್ರೆ ತಿಕ್ಕುವ ಪ್ರೇಮಾ ಹಿಂಬಾಗಿಲಿಗೆ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

“ಬಾಯಾರ, ಗಾಳಿ ಮಷೀನಿಗಿ ಹೊಸಬಾಕಿ ಬಂದಾಳ, ಯಂಕಮ್ಮ ಅಂತ. ಮಷೀನಿನ ಕಸ ತೆಗದು ಪೇಪರ್ ಮ್ಯಾಲ ಹರವಿ ನಮ್ಮ ಮೇಡಂ ಮುಂದ ಇಟ್ಟಳು. ‘ನೋಡ್ರಿ, ಇದು ನೀವು ನುಂಗಬೇಕಾಗಿದ್ದು’ ಅಂದಳು. ಮೇಡಂಗ ಕನ್ನಡ ಬರಂಗಿಲ್ಲ, ಕಸ ನೋಡೇ ತಿಂಡಿ ಬಿಟ್ಟು ಎದ್ದರು. ಈಗ ಕಂಪನಿಗಿ ಫೋನ್ ಹಚ್ಚಿ ಬೈಲಾಕತ್ತಾರ.”

“ಕಸ ಯಾರ ಮನೀದು?”

“ಅವರ ಮನೀದೇ.”

“ಮತ್ತ ಆಕೀಗಿ ಯಾಕ ಬೈತಾರ?” ಎಂದಳು ಗಂಗಾಬಾಯಿ. ಪ್ರೇಮಾ ನಗುತ್ತಲೇ ಒಂಬತ್ತನೆಯ ಮನೆಗೆ ಓಡಿದಳು. ಇತ್ತ ರವೆ ತುಸು ಹೆಚ್ಚೇ ಕೆಂಪಾಯಿತು.

ಗಂಗಾಬಾಯಿ ಭಾಲ್ಕಿಯವಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದರೂ ಕನ್ನಡ ಓದಲು ಬರುತ್ತಿತ್ತು. ಮದುವೆಯಾಗಿ ಹೈದರಾಬಾದಿನ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಗೆ ಬಂದವಳು, ಬೇಗಂ ಬಜಾರಿನ ಕಿರಾಣಿ ಗೋದಾಮಿನಲ್ಲಿ ತಕ್ಕಡಿ ಹಿಡಿಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಮಂದಿಯ ಮನೆಯ ಒಲೆ ಹೊತ್ತಿಸಿದ್ದಳು. ಈಗಿನ ಮನೆಯವರು ಮೈಸೂರಿನ ರೋಹಿತ ಮತ್ತು ಪೂರ್ವಿ, ಇಬ್ಬರೂ ಕಂಪ್ಯೂಟರ್ ಕೆಲಸದವರು. ಹೊರಗೆ ಧೂಳೆಂದು ಆ ಮನೆಯಲ್ಲಿ ಕಿಟಕಿ ತೆರೆಯುವ ಪದ್ಧತಿಯೇ ಇರಲಿಲ್ಲ. ಬದಲಿಗೆ ಸ್ನಾನದ ಮನೆಯ ಮುಂದಿನ ಸೀಲಿಂಗಿನಲ್ಲಿ ಒಂದು ಪೆಟ್ಟಿಗೆ ಕೂತಿತ್ತು. ಅದು ಒಳಗಿನ ಹಳಸಿದ ಗಾಳಿಯನ್ನು ಸ್ನಾನದ ಮನೆಯಿಂದ ಎಳೆದು ಹೊರಗೆ ನೂಕಿ, ಹೊರಗಿನ ಹೊಸ ಗಾಳಿಯನ್ನು ಸೋಸಿ ಕೋಣೆಗಳಿಗೆ ತರುತ್ತಿತ್ತು.

ಮರುದಿನ ಆ ಪೆಟ್ಟಿಗೆ ಬಿಚ್ಚಲು ಯಂಕಮ್ಮ ಬಂದಳು. ಸೀರೆಯ ಮೇಲೆ ಕಂಪನಿಯ ಖಾಕಿ ಅಂಗಿ, ಹೆಗಲ ಮೇಲೆ ಏಣಿ. ಏಣಿ ಹತ್ತಿದವಳು ಸೋಸುವ ಜಾಳಿಗೆಗಳನ್ನು ಎಳೆದು ಕೆಳಗಿಳಿಸಿ, ನೆಲಕ್ಕೆ ಪೇಪರ್ ಹಾಸಿ ಕೊಡವಿದಳು. ಜೋಳ ಹಸನು ಮಾಡುವವಳಂತೆ ಕುಕ್ಕರಗಾಲಿನಲ್ಲಿ ಕೂತು ಆ ಕಸವನ್ನು ಬೆರಳಲ್ಲಿ ಬಿಡಿಸಿ ನೋಡಿದಳು.

“ಬಿಳೇದು ಸೀಲಿಂಗಿನ ಪುಡಿ. ಹದಿನಾಲ್ಕನೇ ಮನ್ಯಾಗ ಕೆಲಸ ನಡದೈತಿ. ಈ ಕರೇದು ಟಿಪ್ಪರಿನ ಹೊಗಿ. ಇದು ಹೊಳೀತೈತಿ ನೋಡ್ರಿ, ಇದು ಕಲ್ಲಿನ ಪುಡಿ. ಹಿಂದಿನ ಗುಡ್ಡ ಒಡ್ಯಾಕತ್ತಾರ. ನಮ್ಮಪ್ಪ ಕ್ರಷರಿನ್ಯಾಗ ಇದನ್ನ ತಿಂದು ಸತ್ತ. ಮೂರು ತಿಂಗಳಿಗೊಮ್ಮಿ ತೆಗೀರಿ ಅಂತ ಪುಸ್ತಕದಾಗ ಬರದಾರ. ಬರದಾಂವ ಮಣಿಕೊಂಡ ನೋಡಿಲ್ಲ. ನಾ ಹದಿನೈದು ದಿನಕ್ಕೊಮ್ಮಿ ಬರತೀನಿ.”

ಪೆಟ್ಟಿಗೆಯ ನಡುವೆ ಮಡಿಕೆ ಮಡಿಕೆಯಾದ ಕಾಗದದ ಇಟ್ಟಿಗೆಯಂಥದೊಂದಿತ್ತು. ಅದನ್ನು ಮಾತ್ರ ಒಣ ಬ್ರಷ್ಷಿನಿಂದ, ಕೂಸಿನ ತಲೆ ಸವರಿದಂತೆ ಸವರಿ ಇಟ್ಟಳು.

“ಅದಕ್ಕ ನೀರು ಹಾಕಂಗಿಲ್ಲೇನು?” ಗಂಗಾಬಾಯಿ ಕೇಳಿದಳು.

“ಹಾಕಿದ್ರ ಸತ್ತ ಹೋಗತೈತಿ. ಹೋಗೋ ಗಾಳಿ ಒಂದು ಕಡೆ, ಬರೋ ಗಾಳಿ ಒಂದು ಕಡೆ, ನಡುವ ಈ ಕಾಗದದ ಗ್ವಾಡಿ. ಒಂದಕ್ಕೊಂದು ಮುಟ್ಟಂಗಿಲ್ಲ. ಏಸಿ ತಂಪು ಅಷ್ಟ ಈ ಕಡಿಂದ ಆ ಕಡಿಗಿ ದಾಟತೈತಿ.”

“ಮಾತು ಬಿಟ್ಟ ಓರಗಿತ್ತೇರು ಗ್ವಾಡಿ ಮ್ಯಾಲಿಂದ ಪಲ್ಯ ಕೊಟ್ಟಂಗ.”

ಯಂಕಮ್ಮ ನಕ್ಕಳು. ಅವಳ ಮುಂದಿನ ಒಂದು ಹಲ್ಲು ಮುರಿದಿತ್ತು. ಇಟ್ಟಿಗೆ ಹೊರುವಾಗ ಬಿದ್ದದ್ದಂತೆ. ಊರು ಸುರಪುರ ತಾಲೂಕು. ಗಂಡ ಸಾಬಣ್ಣನ ಜೊತೆ ಬಂದು ಇದೇ ಇಪ್ಪತ್ತೆರಡು ಮನೆಗೆ ಮೂರು ವರ್ಷ ಮಣ್ಣು ಹೊತ್ತಿದ್ದಳು. ಮನೆ ಎದ್ದ ಮೇಲೆ ಹೊತ್ತವರನ್ನೆಲ್ಲ ಕಳಿಸಿದರು. ಇವಳು ಮಾತ್ರ ಮಷೀನು ಕೂಡಿಸುವವರ ಏಣಿ ಹಿಡಿಯುತ್ತಾ ಹಿಡಿಯುತ್ತಾ ಕೆಲಸ ಕಲಿತು ಉಳಿದುಕೊಂಡಳು. ಹೆಂಗಸರಿಗೆ ಅಕ್ಷರ ಕಲಿಸುವ ಶಾಲೆಗೆ ಊರಲ್ಲಿ ನಾಲ್ಕು ತಿಂಗಳು ಹೋಗಿದ್ದಳಾದ್ದರಿಂದ ಕನ್ನಡ ಬರೆಯಲು ಬರುತ್ತಿತ್ತು, ಬೇರೆ ಅಕ್ಷರ ಬರುತ್ತಿರಲಿಲ್ಲ. ಪ್ರತಿ ಪೆಟ್ಟಿಗೆಯ ಬಾಗಿಲಿಗೂ ಒಂದು ಕಾರ್ಡು ತೂಗುತ್ತಿತ್ತು. ಬೇರೆ ಕೆಲಸದವರು ಬಾಗಿಲು ಬಿಚ್ಚದೆಯೂ ಅದರ ಮೇಲೆ ಸರಿ ಗುರುತು ಹಾಕಿ ಹೋಗುತ್ತಿದ್ದರು. ಯಂಕಮ್ಮ ಮಾಡಿದ್ದನ್ನಷ್ಟೇ ಬರೆಯುವಳು. ಮನೆಗೆ ಬೀಗವಿದ್ದರೆ ಸೆಕ್ಯೂರಿಟಿಯವನ ಪುಸ್ತಕದಲ್ಲಿ ‘ಬೀಗ ಇತ್ತು, ಮಾಡಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು ಕಂಪನಿಯವರ ತಲೆ ತಿನ್ನುವಳು.

ಮಳೆಗಾಲದಲ್ಲಿ ಪೂರ್ವಿಗೆ ತಲೆನೋವು ಶುರುವಾಯಿತು. ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ಒಂದು ತಾಸಿಗೆ ಸ್ನಾನದ ಮನೆಯ ಮುಗ್ಗಲು ವಾಸನೆ ಮೂಗಿಗೆ ಅಡರುತ್ತಿತ್ತು. ಕಂಪನಿಗೆ ದೂರು ಹೋಯಿತು. ಎಂಜಿನಿಯರ್ ವಿನಾಯಕ ಬಂದ. ಕುಮಟಾದ ಕಡೆಯವನು, ಮಾತು ಮೆದು. ಕೈಯಲ್ಲಿನ ಯಂತ್ರದಿಂದ ಗಾಳಿ ಅಳೆದ, ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟು ಇಣುಕಿದ, ಯಂಕಮ್ಮನನ್ನು ಕರೆಸಿದ.

“ಕಾಗದದ ಗೋಡೆ ಸೋರ್ತಾ ಉಂಟು. ನೀನು ನೀರು ಹಾಕಿ ತೊಳೆದಿದ್ದೀ.”

“ಹಾಕಿಲ್ಲರಿ.”

“ಮತ್ತೆ ವಾಸನೆ ಎಲ್ಲಿಂದ ಬಂತು ಮಾರಾಯ್ತಿ?”

“ಅದನ್ನ ಹುಡಕಾಕಲ್ಲೇನ್ರಿ ನಿಮಗ ಪಗಾರ ಕೊಡೋದು?”

ವಿನಾಯಕನ ಕಿವಿ ಕೆಂಪಾಯಿತು. ಚೀಲದಿಂದ ಒಂದು ಕಾಗದ ತೆಗೆದು ಊಟದ ಮೇಜಿನ ಮೇಲಿಟ್ಟ. ಮಷೀನು ಕೆಟ್ಟದ್ದು ನನ್ನ ತಪ್ಪಿನಿಂದ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಸಹಿ ಹಾಕಿದರೆ ಬೇರೆ ಕಡೆ ಕಸ ಗುಡಿಸುವ ಕೆಲಸಕ್ಕೆ ಹಾಕುತ್ತಾರೆ, ಹಾಕದಿದ್ದರೆ ಗೇಟ್ ಪಾಸ್ ಇವತ್ತಿಗೇ ಮುಗಿಯಿತು. ಸಂಜೆ ಐದರವರೆಗೆ ಸಮಯ ಎಂದ.

ಯಂಕಮ್ಮ ಕಾಗದವನ್ನು ಮುಟ್ಟಲಿಲ್ಲ. “ಇಂಗ್ಲಿಷ್ ಬರದಿದ್ರೂ ಸುಳ್ಳು ಗುರುತು ಹಿಡೀತೀನಿ” ಎಂದು ಹೊರಗೆ ಹೋದಳು.

ಗಂಗಾಬಾಯಿ ಅಡುಗೆಮನೆಯಿಂದ ನೋಡುತ್ತಿದ್ದಳು. ಯಂಕಮ್ಮ ಹಿಂದಿನ ಗೋಡೆಯ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತು ಬಹಳ ಹೊತ್ತು ಮೇಲೆ ದಿಟ್ಟಿಸಿದಳು. ಮೇಲ್ಗಡೆ ಒಂದು ಗೂಡು, ಅದಕ್ಕೆ ಚಂದದ ಕಲ್ಲಿನ ಜಾಲಂದ್ರ. ಆಮೇಲೆ ಓಡಿಬಂದಳು.

“ಬಾಯಾರ, ನೆನಪಾತು. ಈ ಗ್ವಾಡಿ ಕಟ್ಟುವಾಗ ನಾ ಇಲ್ಲೇ ಇಟ್ಟಂಗಿ ಹೊತ್ತಾಕಿ. ಗಾಳಿ ಹೋಗೋ ಬಾಯಿ ಒಂದು ತುದಿಗಿ, ಬರೋ ಬಾಯಿ ಒಂದು ತುದಿಗಿ ಅಂತ ಮೊದಲ ಗುರುತು ಹಾಕಿದ್ದರು. ಎರಡು ಕಡಿ ತೂತು ಕಂಡ್ರ ಮನಿ ಚಂದ ಕಾಣಂಗಿಲ್ಲ ಅಂತ ಮನಿ ಕಟ್ಟಿಸೋ ದೊಡ್ಡ ಸಾಹೇಬ ಎರಡನ್ನೂ ಒಂದ ಗೂಡಿನ್ಯಾಗ ತುರುಕಿಸಿದ. ಹೊರಗ ನೂಕಿದ ಗಾಳೀನ ಮತ್ತ ಒಳಗ ಎಳಕೊಳ್ಳಾಕತ್ತೈತಿ ಮಷೀನು.”

“ಹಂಗಂತ ಹೇಳು ಅವನಿಗಿ.”

“ನನ್ನ ಮಾತು ಯಾರ ಕೇಳತಾರ? ಮೂಗಿಗಿ ತೋರಿಸಬೇಕು. ಒಂದು ಹಿಡಿ ಒಣ ಮೆಣಸಿನಕಾಯಿ ಕೊಡ್ರಿ, ಬ್ಯಾಡಗಿದಲ್ಲ, ಗುಂಟೂರಿನದು. ಉಪ್ಪು, ಕೆಂಡ.”

“ದೃಷ್ಟಿ ತೆಗೀತಿಯೇನು?”

“ಹೌದ್ರಿ. ಮನೀಗೇ.”

ವಿನಾಯಕ ಒಪ್ಪಲಿಲ್ಲ, ಇದು ಮಷೀನು ಪರೀಕ್ಷಿಸುವ ರೀತಿಯೇ ಅಲ್ಲ ಎಂದ. ಗಂಗಾಬಾಯಿ ಸೆರಗು ಸಿಕ್ಕಿಸಿ ಅಡ್ಡ ಬಂದಳು. “ಸಾಹೇಬ್ರ, ನಿಮ್ಮ ಯಂತ್ರ ಒಂದು ತಾಸು ಅಳದು ಒಂದು ಹೆಣ್ಣಿನ ಅನ್ನ ಕಸೀತು. ಮೆಣಸಿನಕಾಯಿಗಿ ಹತ್ತು ನಿಮಿಷ ಕೊಡ್ರಿ.”

ಪೂರ್ವಿ ಹಣೆ ಒತ್ತಿಕೊಳ್ಳುತ್ತಾ, “ಸುಡಲಿ ಬಿಡಿ. ನನ್ನ ತಲೆ ಹೇಗೂ ಸಿಡೀತಾ ಇದೆ” ಎಂದಳು.

ತೆಂಗಿನ ಚಿಪ್ಪಿನ ಕೆಂಡವನ್ನು ಹಳೇ ತವೆಯ ಮೇಲೆ ಹಾಕಿಕೊಂಡು ಸ್ನಾನದ ಮನೆಗೆ ಹೋದವಳು ಗಂಗಾಬಾಯಿಯೇ. ಬಾಗಿಲು ಹಾಕಿ, ಸಂದಿಗೆ ಒದ್ದೆ ಟವೆಲ್ ಒತ್ತಿ, ಗಾಳಿ ಎಳೆಯುವ ಜಾಳಿಗೆಯ ಕೆಳಗೆ ತವೆ ಇಟ್ಟು ಮೆಣಸಿನಕಾಯಿ ಉದುರಿಸಿದಳು. ಅಬ್ಬಾ, ಆ ಘಾಟು. ಗಂಡ ಸತ್ತಾಗಲೂ ಅಷ್ಟು ನೀರು ಕಣ್ಣಲ್ಲಿ ಬಂದಿರಲಿಲ್ಲ. ಹೊಗೆ ಜಾಳಿಗೆಯೊಳಗೆ ಹಾವಿನಂತೆ ನುಸುಳಿಹೋಯಿತು. ಎರಡು ನಿಮಿಷ ಕಳೆದಿರಬೇಕು, ಆಚೆ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ವಿನಾಯಕ ಕೆಮ್ಮಿದ. ಪೂರ್ವಿ ಕೆಮ್ಮಿದಳು. ಆಮೇಲೆ ಇಬ್ಬರೂ ಜುಗಲಬಂದಿ.

ವಿನಾಯಕ ಕಣ್ಣೊರೆಸುತ್ತಾ ಹೊರಗೆ ಬಂದು ಗೆದ್ದವನಂತೆ ಹೇಳಿದ: “ನೋಡಿದ್ರಾ? ಸೋರ್ತಾ ಉಂಟು ಅಂತ ನಾನು ಹೇಳಿದ್ದೇ.”

“ಇನ್ನೊಮ್ಮಿ ಕುಂಡರ್ರಿ ಸರ” ಎಂದಳು ಯಂಕಮ್ಮ.

ಕಾಂಪೌಂಡಿನ ಮೂಲೆಯಲ್ಲಿ ಯಾರದೋ ಹುಟ್ಟುಹಬ್ಬದ ದೊಡ್ಡ ಫ್ಲೆಕ್ಸ್ ಬಿದ್ದಿತ್ತು. ಅದನ್ನು ಕೊಳವೆಯಂತೆ ಸುತ್ತಿ, ಏಣಿ ಹತ್ತಿ, ಗೂಡಿನ ಜಾಲಂದ್ರ ಬಿಚ್ಚಿ, ಗಾಳಿ ಹೊರಬೀಳುವ ಬಾಯಿಗೆ ಹಗ್ಗದಿಂದ ಬಿಗಿದಳು. ಇನ್ನೊಂದು ತುದಿಯನ್ನು ಮನೆಯ ಮೂಲೆ ದಾಟಿಸಿ ಆಚೆಗೆ ಇಳಿಬಿಟ್ಟಳು. ಒಳಗಿನ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಅಷ್ಟರಲ್ಲಿ ಕೋಣೆಯ ಕಿಟಕಿ ತೆರೆದು ಘಾಟನ್ನೆಲ್ಲ ಕಳಿಸಿ ಮತ್ತೆ ಮುಚ್ಚಿಯಾಗಿತ್ತು.

ಗಂಗಾಬಾಯಿ ಎರಡನೆಯ ಹಿಡಿ ಉದುರಿಸಿದಳು. ಹೊಗೆ ಎದ್ದಿತು, ಜಾಳಿಗೆ ಸೇರಿತು. ಅವಳು ಸೆರಗು ಮೂಗಿಗೊತ್ತಿ ಕಿವಿ ಗೋಡೆಗಿಟ್ಟಳು. ಒಂದು ನಿಮಿಷ. ಮೂರು ನಿಮಿಷ. ಐದು. ಕೆಮ್ಮುತ್ತಿದ್ದವಳು ಅವಳೊಬ್ಬಳೇ. ಕಾಗದದ ಗೋಡೆ ಹರಿದಿದ್ದರೆ ಈಗಲೂ ಹೊಗೆ ಆಚೆ ದಾಟಬೇಕಿತ್ತು.

ಬಾಗಿಲು ತೆಗೆದು ಹೊರಬಂದು, “ಘಾಟು ಬಂತೇನ್ರಿ ಸಾಹೇಬ್ರ?” ಎಂದು ಕೇಳಿದಳು.

“ಇಲ್ಲ” ಎಂದ ವಿನಾಯಕ, ನೆಲ ನೋಡುತ್ತಾ.

“ಘಾಟು ಬರಲಿಲ್ಲಂದ್ರ ದೃಷ್ಟಿ ತಾಗ್ಯಾದ ಅಂತ ನಮ್ಮ ಕಡಿ ಅಂತಾರ. ಯಾರ ದೃಷ್ಟಿ ಅಂತ ಈಗ ಗೊತ್ತಾತು, ಮನಿ ಚಂದ ಕಾಣಬೇಕು ಅಂದಾಂವಂದು” ಎಂದಳು ಗಂಗಾಬಾಯಿ.

ಪೂರ್ವಿ ತಲೆನೋವಿನಲ್ಲೂ ನಕ್ಕುಬಿಟ್ಟಳು. ಮೇಜಿನ ಮೇಲಿದ್ದ ಕಾಗದವನ್ನು ವಿನಾಯಕ ಮಡಿಸಿ ಚೀಲಕ್ಕೆ ಹಾಕಿಕೊಂಡ. ಹೋಗುವ ಮುಂಚೆ ಯಂಕಮ್ಮನನ್ನು ಹಿಂಬಾಗಿಲ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಮಾತಾಡಿದ. ಈ ಮನೆಗೆ ಎರಡು ದಿನದಲ್ಲಿ ಪೈಪು ಹಾಕಿಸುತ್ತೇನೆ, ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ. ಉಳಿದ ಇಪ್ಪತ್ತೊಂದು ಮನೆಯವರಿಗೆ ಮಾತ್ರ ಬಾಯಿ ಬಿಡಬೇಡ. ಅಲ್ಲಿಯೂ ಗೂಡು ಹೀಗೇ ಇದೆ, ಎಲ್ಲರೂ ಗದ್ದಲ ಎಬ್ಬಿಸಿದರೆ ನನ್ನ ಕೆಲಸವೂ ಹೋಗುತ್ತದೆ. ಹುಡುಗ ಕೆಟ್ಟವನಲ್ಲ, ಹೆದರಿದ್ದ.

“ಸರ, ನನಗ ಮುಚ್ಚಾಕ ಬರಂಗಿಲ್ಲರಿ” ಎಂದಳು ಯಂಕಮ್ಮ. “ಬಿಚ್ಚಾಕ ಅಷ್ಟ ಕಲ್ತೀನಿ.”

ಏಳನೆಯ ಮನೆಗೆ ಪೈಪು ಬಂತು. ಪೂರ್ವಿಯ ತಲೆನೋವು ವಾರದಲ್ಲಿ ಇಳಿಯಿತು. ಮೆಣಸಿನಕಾಯಿ ಸುಟ್ಟ ಮರುದಿನದಿಂದ ನಾಲ್ಕು ದಿನ ಯಂಕಮ್ಮ ಬೆಳಗಿನಿಂದ ಸಂಜೆಯವರೆಗೆ ಮನೆಮನೆ ತಿರುಗಿ ಇಪ್ಪತ್ತೊಂದು ಪೆಟ್ಟಿಗೆಯನ್ನೂ ಬಿಚ್ಚಿ ಶುಚಿ ಮಾಡಿದಳು. ಏನು ಹೇಳಿದರೂ ಅಲ್ಲಿಯವರಿಗೆ ಅವಳ ಮಾತು ತಿಳಿಯಲಿಲ್ಲ. ಅವಳ ತೆಲುಗು ಸಿಮೆಂಟು, ಮರಳು, ಕೂಲಿಗಷ್ಟೇ ಸಾಲುತ್ತಿತ್ತು. ಮನೆಯವರು ಆಯಿತು ಆಯಿತೆಂದು ಬಾಗಿಲು ಹಾಕಿಕೊಂಡರು.

ಐದನೆಯ ದಿನ ಬೆಳಿಗ್ಗೆ ಗೇಟಿನಲ್ಲಿ ಅವಳ ಪಾಸು ರದ್ದಾಗಿತ್ತು. ಪ್ರೇಮಾ ಓಡಿಬಂದು ಹೇಳಿದಾಗ ಗಂಗಾಬಾಯಿ ಒಲೆ ಆರಿಸಿ ಹೋದಳು. ಯಂಕಮ್ಮ ಕಬ್ಬಿಣದ ಗೇಟಿನ ಆಚೆ ನಿಂತಿದ್ದಳು, ಖಾಕಿ ಅಂಗಿ ಇರಲಿಲ್ಲ. ಸಾಬಣ್ಣನಿಗೆ ಶಾದನಗರದ ಕಡೆ ಕಟ್ಟಡದ ಕೆಲಸ ಸಿಕ್ಕಿತ್ತು. ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದರು. ಗೇಟಿನ ಬಳಿಯ ಈ ಭೇಟಿಯೇ ಅವರಿಬ್ಬರ ಕೊನೆಯ ಭೇಟಿ.

“ಬಾಯಿ ಮುಚ್ಚಿಕೊಂಡಿದ್ದರ ಅನ್ನ ಉಳೀತಿತ್ತಲ್ಲ, ತಂಗಿ” ಎಂದಳು ಗಂಗಾಬಾಯಿ. ಹೇಳಬೇಕೆಂದು ಬಂದದ್ದು ಅದಲ್ಲ. ಸಂಕಟಕ್ಕೆ ಹಾಗೆ ಬಂತು.

“ಅನ್ನ ಬ್ಯಾರೆ ಕಡಿ ಹುಟ್ಟತೈತ್ರಿ. ಅಳೂದು ಬಿಡ್ರಿ, ಕೆಲಸ ಐತಿ ನಿಮಗ.” ಯಂಕಮ್ಮ ಗೇಟಿನ ಸರಳು ಹಿಡಿದು ಹತ್ತಿರ ಬಂದಳು. “ಇಪ್ಪತ್ತೊಂದು ಕಾರ್ಡಿನ ಮ್ಯಾಲೂ ಬರದು ಬಂದೀನಿ. ಎರಡೂ ಬಾಯಿ ಒಂದ ಗೂಡಿನ್ಯಾಗ ಅದಾವು, ನಿಮ್ಮ ಹೊಲಸು ಗಾಳಿ ನೀವ ಕುಡ್ಯಾಕತ್ತೀರಿ, ಬ್ಯಾರೆ ಮಾಡಸ್ರಿ ಅಂತ. ನನ್ನ ಅಕ್ಷರ ಆ ಮನಿಗಳಾಗ ಯಾರಿಗೂ ಓದಾಕ ಬರಂಗಿಲ್ಲ. ನಿಮಗ ಕನ್ನಡ ಓದಾಕೂ ಬರತೈತಿ, ಅವರ ತೆಲುಗು, ಹಿಂದಿನೂ ಬರತೈತಿ. ಮನಿಮನಿಗಿ ಹೋಗ್ರಿ, ಕಾರ್ಡು ಇಳಿಸಿ ಎದುರಿಗಿ ನಿಂತು ಓದಿ ಹೇಳ್ರಿ. ಯಾರ ಬೈದ್ರೂ ಪೂರಾ ಓದ್ರಿ. ಕಡೀಕ ನನ್ನ ಹೆಸರು ಬರದೀನಿ. ಅದನ್ನೂ ಬಿಡಬ್ಯಾಡ್ರಿ.”